ಪೆನ್ನು ನಿಲ್ಲುವ ತನಕ

ನನ್ನ ನಾಲಿಗೆ ಉದ್ದ ಎಂದು ನನ್ನ ಗಂಡ ಬದುಕಿದ್ದಷ್ಟು ದಿನವೂ ಹೇಳುತ್ತಿದ್ದ. ನಾನು ಒಪ್ಪುತ್ತಿರಲಿಲ್ಲ. ಈಗ ಒಪ್ಪುತ್ತೇನೆ, ಕೇಳಿ ಖುಷಿಪಡಲು ಅವನಿಲ್ಲ.

ಹಾರ್ಲ್‌ಡೆನ್ ಕೋರ್ಟಿನಲ್ಲಿ ನಾನು ಇಪ್ಪತ್ತಾರು ವರ್ಷ ದಫೇದಾರಿಕೆ ಮಾಡಿದೆ. ಕಪ್ಪು ಗೌನು ತೊಟ್ಟು ನ್ಯಾಯಾಧೀಶರ ಬಾಗಿಲು ಬಡಿಯುವುದು, "ಎಲ್ಲರೂ ಎದ್ದು ನಿಲ್ಲಿ" ಎಂದು ಕೂಗುವುದು, ಸಾಕ್ಷಿಗಳ ಕೈಗೆ ಬೈಬಲ್ ಕೊಡುವುದು, ಹನ್ನೆರಡು ಜನ ಜ್ಯೂರಿಗಳನ್ನು ಅವರ ಕೋಣೆಯಲ್ಲಿ ಕೂಡಿಸಿ ಟೀ ಒದಗಿಸುವುದು, ಯಾರಾದರೂ ಕೋರ್ಟಿನೊಳಗೆ ಪೆಪ್ಪರ್‌ಮಿಂಟ್ ಚೀಪಿದರೆ ಕೆಕ್ಕರಿಸಿ ನೋಡುವುದು, ಇಷ್ಟೇ ಕೆಲಸ. ಸಂಬಳ ಅಷ್ಟಕ್ಕಷ್ಟೇ. ಆದರೆ ನಮ್ಮ ಊರಿನಲ್ಲಿ ನನಗಿಂತ ಹೆಚ್ಚು ಜಡ್ಜುಗಳನ್ನು ಕಂಡವರು ಯಾರೂ ಇಲ್ಲ. ನಿದ್ದೆ ಹೊಡೆಯುವ ಜಡ್ಜು, ರೇಗುವ ಜಡ್ಜು, ಊಟದ ಹೊತ್ತಾಯಿತೆಂದು ಗಬಗಬನೆ ಶಿಕ್ಷೆ ಹೇಳಿ ಎದ್ದುಹೋಗುವ ಜಡ್ಜು, ಎಲ್ಲರನ್ನೂ ಕಂಡಿದ್ದೇನೆ. ಅಂಥ ನನ್ನ ತಾಳ್ಮೆಯನ್ನೇ ಪರೀಕ್ಷೆ ಮಾಡಿದವರು ಮಿಸ್ ಪಿಕವಾನ್ಸ್.

ಅವರು ಕಾಯಂ ಜಡ್ಜಲ್ಲ. ವರ್ಷದ ಬಹುಪಾಲು ಬ್ಯಾರಿಸ್ಟರ್ ಕೆಲಸ ಮಾಡಿಕೊಂಡಿದ್ದು, ನಾಲ್ಕೈದು ವಾರ ಮಾತ್ರ ನಮ್ಮಲ್ಲಿ ತಾತ್ಕಾಲಿಕ ನ್ಯಾಯಾಧೀಶೆಯಾಗಿ ಕೂರುತ್ತಿದ್ದರು. ಹಾಗೆ ಕೂರಲು ಲಂಡನ್ನಿನಿಂದ ಕಾಗದ ಬರಬೇಕು. ಅವಧಿ ಮುಗಿದ ಮೇಲೆ ಮತ್ತೆ ಕಾಗದ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಯಾಕೆ ಬರಲಿಲ್ಲ ಎಂದು ಕೇಳುವ ಹಾಗಿರಲಿಲ್ಲ. ಕಾಯಂ ಆಗುವುದಕ್ಕೆ ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ. ಒಳಗೊಳಗೇ ವಿಚಾರಿಸುತ್ತಿದ್ದರು, ಅಷ್ಟೇ. ದೊಡ್ಡ ನ್ಯಾಯಮೂರ್ತಿಗಳು ಊಟದ ಮೇಜಿನಲ್ಲಿ, ಟೀ ಹೊತ್ತಿನಲ್ಲಿ ಅವರಿವರನ್ನು ಕೇಳುವುದು: "ಆಕೆ ಹೇಗೆ? ನಮ್ಮಂಥವಳೇ?" ಕಿವಿಗೆ ಬಿದ್ದದ್ದೆಲ್ಲ ಒಂದು ಫೈಲಿಗೆ ಹೋಗುತ್ತಿತ್ತು. ಆ ಫೈಲು ಯಾರದೋ ಅವರೊಬ್ಬರಿಗೆ ಮಾತ್ರ ಅದರಲ್ಲಿ ಏನಿದೆಯೆಂದು ಗೊತ್ತಿರುತ್ತಿರಲಿಲ್ಲ. ನಾನು ಹೇಳುತ್ತಿರುವುದು ಎಂಬತ್ತೊಂಬತ್ತರ ಮಾತು. ಈಗ ಪದ್ಧತಿ ಬೇರೆಯಾಗಿದೆ, ಒಳ್ಳೆಯದಾಯಿತು.

ಮಿಸ್ ಪಿಕವಾನ್ಸ್ ಕೆಟ್ಟವರೇನಲ್ಲ. ತೆಳ್ಳಗೆ, ಎತ್ತರಕ್ಕೆ, ನಲವತ್ತೆಂಟು ವಯಸ್ಸು, ವಿಗ್ಗಿನ ಕೆಳಗೆ ಸದಾ ಒಂದು ಎಳೆ ಕೂದಲು ಹೊರಗೆ. ಬೆಳಗ್ಗೆ ನನಗೆ ನಮಸ್ಕಾರ ಹೇಳದೆ ಒಳಗೆ ಹೋದವರಲ್ಲ. ಗೋಳು ಇದ್ದದ್ದು ಅವರ ಪೆನ್ನಿನಲ್ಲಿ. ನಮ್ಮ ಕೋರ್ಟುಗಳಲ್ಲಿ ಸಾಕ್ಷಿ ಹೇಳಿದ್ದನ್ನು ಜಡ್ಜು ಕೈಯಲ್ಲಿ ಬರೆದುಕೊಳ್ಳುತ್ತಾರೆ. ಆ ಪೆನ್ನು ನಿಲ್ಲುವ ತನಕ ಬ್ಯಾರಿಸ್ಟರು ಮುಂದಿನ ಪ್ರಶ್ನೆ ಕೇಳಬಾರದು. ಹೊಸದಾಗಿ ಗೌನು ತೊಟ್ಟವರಿಗೆ ಮೊದಲು ಕಲಿಸುವುದೇ ಇದು: ಸಾಕ್ಷಿಯ ಮುಖ ನೋಡಬೇಡ, ಜಡ್ಜಿನ ಪೆನ್ನು ನೋಡು. ಬೇರೆಯವರ ಪೆನ್ನು ಅಲ್ಲೊಂದು ಇಲ್ಲೊಂದು ಮಾತು ಹೆಕ್ಕಿಕೊಂಡು ಸುಮ್ಮನಾಗುತ್ತಿತ್ತು. ಇವರದು ಹಾಗಲ್ಲ. ದಪ್ಪ ಕೆಂಪು ರಟ್ಟಿನ ಪುಸ್ತಕ, ಶಾಯಿ ಪೆನ್ನು, ಹೇಳಿದ ಒಂದೊಂದು ಮಾತೂ ಅದರೊಳಗೆ ಇಳಿಯಬೇಕು. "ಕ್ಷಮಿಸಿ, ಇನ್ನೊಂದ್ಸಲ ಹೇಳ್ತೀರಾ? ಬಾಗಿಲು ತೆಗೆದಿತ್ತು ಅಂದ್ರಾ, ತೆಗೆದ್ರು ಅಂದ್ರಾ?" ಎನ್ನುವುದು. ಕೋರ್ಟು ತುಂಬ ಜನ ಆ ಪೆನ್ನಿನ ಕರಕರ ಕೇಳುತ್ತ ಬಾಯಿ ಮುಚ್ಚಿಕೊಂಡು ಕೂತಿರಬೇಕು. ಮೊಣಕಾಲು ನೋವಿನವಳಾದ ನನಗೆ ಅದು ಶಿಕ್ಷೆಯೇ.

ಆ ಜೂನ್ ತಿಂಗಳಲ್ಲಿ ನೀಲ್ ಬ್ರಿಂಡಲ್‌ನ ಕೇಸು ಅವರ ಮುಂದೆ ಬಂತು. ನಮ್ಮ ಕಾಯಂ ಜಡ್ಜು ಬೆನ್ನು ಹಿಡಿದು ಮಲಗಿದ್ದರಿಂದ ಬಂತು, ಇಲ್ಲದಿದ್ದರೆ ಇವರಿಗೆ ಬರುವ ಕೇಸಲ್ಲ. ಬ್ರಿಂಡಲ್ ಇಪ್ಪತ್ತನಾಲ್ಕರವನು, ಹತ್ತಿ ಗೋದಾಮಿನಲ್ಲಿ ಕೆಲಸಕ್ಕಿದ್ದು ಮೇಸ್ತ್ರಿಯ ಜೊತೆ ಜಗಳ ಕಾದು ಹೊರಗೆ ಬಿದ್ದವನು. ಮರುವಾರದ ಭಾನುವಾರ ಮಧ್ಯಾಹ್ನ ಗೋದಾಮಿಗೆ ಬೆಂಕಿ ಬಿತ್ತು. ಒಳಗೆ ಕಾವಲಿಗೆ ಇದ್ದವನು ಸ್ಟ್ಯಾನ್ ಹೋಲ್ಡನ್. ಹೊರಗೇನೋ ಬಂದ, ಎರಡೂ ಕೈ ಮೊಣಕೈವರೆಗೆ ಸುಟ್ಟುಹೋಗಿದ್ದವು. ಮಾರನೆಯ ದಿನ ಬ್ರಿಂಡಲ್ ಪೊಲೀಸ್ ಠಾಣೆಯಲ್ಲಿ "ನಾನೇ ಹಚ್ಚಿದ್ದು" ಎಂದು ಒಪ್ಪಿಕೊಂಡಿದ್ದ. ಆ ಒಪ್ಪಿಗೆ ಬಿಟ್ಟರೆ ಅವನ ಮೇಲೆ ಬೇರೆ ಸಾಕ್ಷ್ಯವೇ ಇರಲಿಲ್ಲ.

ಸ್ಟ್ಯಾನ್ ನನ್ನ ಪಕ್ಕದ ಮನೆಯವನು. ಗೋಡೆಗೆ ಗೋಡೆ. ನನ್ನ ಗಂಡ ಸತ್ತಾಗ ಒಂದು ತಿಂಗಳು ನನ್ನ ಮನೆಯ ಕಲ್ಲಿದ್ದಲು ಹೊತ್ತು ಹಾಕಿದವನು. ಈಗ ಅವನ ಹೆಂಡತಿ ನೆಲ್ಲಿ ಅವನಿಗೆ ಚಮಚದಲ್ಲಿ ಉಣ್ಣಿಸುತ್ತಿದ್ದಳು, ಅಂಗಿಯ ಗುಂಡಿ ಹಾಕುತ್ತಿದ್ದಳು. ಕೇಸು ಶುರುವಾಗುವ ಮುಂಚೆ ನಾನು ಕಚೇರಿಗೆ ಹೋಗಿ, ಇವನು ನನ್ನ ನೆರೆಯವನು, ನನ್ನನ್ನು ಬೇರೆ ಕೋರ್ಟಿಗೆ ಹಾಕಿ ಎಂದು ಹೇಳಬೇಕಿತ್ತು. ಅದು ನಿಯಮ. ಹೇಳಲಿಲ್ಲ. ಆ ಬ್ರಿಂಡಲ್ ಜೈಲಿಗೆ ಹೋಗುವುದನ್ನು ನನಗೆ ಕಣ್ಣಾರೆ ನೋಡಬೇಕಿತ್ತು.

ಮಂಗಳವಾರ ಬೆಳಗ್ಗೆ ಕೇಸು ಶುರುವಾದ ಅರ್ಧ ಗಂಟೆಗೇ ತೊಡರು ಬಂತು. ಬ್ರಿಂಡಲ್ ಪರ ವಕೀಲ ಎದ್ದು, ಆ ಒಪ್ಪಿಗೆ ಸಾಕ್ಷ್ಯವಾಗಿ ಬರಬಾರದು, ಇವನು ಮೂರು ಸಲ ಲಾಯರ್ ಬೇಕು ಎಂದು ಕೇಳಿದರೂ ಪೊಲೀಸರು ಕರೆಸಲಿಲ್ಲ ಎಂದ. ಅದನ್ನು ತೀರ್ಮಾನಿಸುವುದು ಜಡ್ಜು ಒಬ್ಬರದೇ ಕೆಲಸ. ಜ್ಯೂರಿಗಳ ಕಿವಿಗೆ ಬೀಳಬಾರದು. ಹನ್ನೆರಡು ಜನರನ್ನು ನಾನು ಅವರ ಕೋಣೆಗೆ ಕರೆದುಕೊಂಡು ಹೋದೆ. ಅವರು ಅಲ್ಲಿ ಇಸ್ಪೀಟು ಆಡಿದರು, ಟೀ ಕುಡಿದರು, ನನ್ನ ತಲೆ ತಿಂದರು. ಕೋರ್ಟಿನಲ್ಲಿ ಪೆನ್ನು ಕರಕರ ಎನ್ನುತ್ತಲೇ ಇತ್ತು.

ಅವತ್ತು ಮಧ್ಯಾಹ್ನ ಊಟದ ಬಿಡುವಿನಲ್ಲಿ ಸ್ಪ್ರೋಟ್ ನಮ್ಮ ಟೀ ಕೋಣೆಗೆ ಬಂದ. ಸ್ಪ್ರೋಟ್ ಎಂದರೆ ಸರ್ ಅಲಾರಿಕ್ ವೆನಿಂಗ್ ಅವರ ಗುಮಾಸ್ತ. ಸರ್ ಅಲಾರಿಕ್ ಲಂಡನ್ನಿನ ದೊಡ್ಡ ನ್ಯಾಯಮೂರ್ತಿ, ವರ್ಷಕ್ಕೆರಡು ಸಲ ಊರೂರು ಸುತ್ತಿ ಕೋರ್ಟು ನಡೆಸುತ್ತ ನಮ್ಮಲ್ಲಿಗೂ ಬರುವವರು. ಅವರು ಬಂದಾಗಲೆಲ್ಲ ಸ್ಪ್ರೋಟ್ ಒಂದು ಡಬ್ಬಿ ಶುಂಠಿ ಬಿಸ್ಕತ್ತು ಹಿಡಿದುಕೊಂಡು ಬಂದು ನಮ್ಮ ಜೊತೆ ಕೂರುತ್ತಿದ್ದ. ಒಳ್ಳೆಯ ಬಿಸ್ಕತ್ತು. ಅವನು ಬಿಸ್ಕತ್ತು ಯಾಕೆ ಕೊಡುತ್ತಾನೆಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

"ಏನ್ ವಿನಿ, ಮುಖ ಊದಿಸ್ಕೊಂಡಿದ್ದೀಯ?" ಅಂದ.

"ಊದಿಸ್ಕೊಳ್ದೆ ಏನ್ ಮಾಡ್ಲಿ? ಮೇಲೆ ಕೂತಿದಾರಲ್ಲ ನಿಮ್ಮ ಪಿಕವಾನ್ಸ್ ಅಮ್ಮ, ಬರೀತಾ ಇದಾರೆ. ಆಯಮ್ಮನ ಪೆನ್ನು ನಿಲ್ಲೋ ಹೊತ್ತಿಗೆ ನಂಗೆ ಪಿಂಚಣಿ ಬಂದಿರುತ್ತೆ!"

ಸ್ಪ್ರೋಟ್ ಬಿದ್ದು ಬಿದ್ದು ನಕ್ಕ. ನಗಿಸಿದೆನೆಂದು ನನಗೆ ಇನ್ನಷ್ಟು ಹುರುಪು ಬಂತು.

"ನಿರ್ಧಾರ ಮಾಡೋಕೆ ಕೈಲಾಗಲ್ಲ ಕಣಪ್ಪ ಆಯಮ್ಮಂಗೆ. ಸುಮ್ನೆ ಬರೀತಾರೆ. ಆ ಬೆಂಕಿ ಹಚ್ಚಿದ ಕಳ್ಳನನ್ನ ಬಿಟ್ಟು ಬಿಡ್ತಾರೆ, ನೋಡ್ತಾ ಇರು."

"ಹಂಗಾ? ಇನ್ನೊಂದು ಬಿಸ್ಕತ್ತು ತಗೋ" ಅಂದ ಸ್ಪ್ರೋಟ್.

ನಾನು ತಗೊಂಡೆ.

ಬುಧವಾರ ಇನ್‌ಸ್ಪೆಕ್ಟರ್ ಗ್ರಿಮ್‌ಶಾ ಸಾಕ್ಷಿಕಟ್ಟೆ ಹತ್ತಿದ. ಗಟ್ಟಿ ಆಳು, ಊರಿಗೆಲ್ಲ ಬೇಕಾದವನು. ಬೆಳಗ್ಗೆ ಅವನು ಹೇಳಿದ್ದು ಇಷ್ಟು: ಸೋಮವಾರ ಸರಿಯಾಗಿ ಹನ್ನೊಂದು ಗಂಟೆಗೆ ಠಾಣೆಯಲ್ಲಿ ನಾನೇ ಬ್ರಿಂಡಲ್‌ನನ್ನು ಲಾಯರ್ ಬೇಕಾ ಎಂದು ಕೇಳಿದೆ, ಅವನು ಬೇಡ ಅಂದ. ಮಧ್ಯಾಹ್ನ ಸರ್ಕಾರದ ಕಡೆಯ ಬ್ಯಾರಿಸ್ಟರು ಸ್ಟ್ಯಾನ್‌ನ ಗಾಯಗಳ ವಿಷಯ ಎತ್ತಿದಾಗ ಗ್ರಿಮ್‌ಶಾ ಕರಗಿದ. ಬೆಂಕಿ ಬಿದ್ದ ಮಾರನೆಯ ಬೆಳಗ್ಗೆ ಆಸ್ಪತ್ರೆಯಲ್ಲಿ ಸ್ಟ್ಯಾನ್‌ನ ಹಾಸಿಗೆ ಪಕ್ಕ ಹನ್ನೊಂದೂವರೆ ತನಕ ಕೂತಿದ್ದೆ, ನನ್ನ ಕೈಯಾರೆ ಅವನಿಗೆ ನೀರು ಕುಡಿಸಿದೆ ಎಂದ. ನನ್ನ ಕಣ್ಣು ತುಂಬಿ ಬಂತು. ಎಂಥ ಮನುಷ್ಯ ಅಂದುಕೊಂಡೆ.

ಪೆನ್ನು ನಿಂತಿತು. ಮಿಸ್ ಪಿಕವಾನ್ಸ್ ಕೆಂಪು ಪುಸ್ತಕವನ್ನು ಹಿಂದಕ್ಕೆ ತಿರುವಿದರು. ಒಂದು ಹಾಳೆ, ಎರಡು ಹಾಳೆ, ಹತ್ತು ಹಾಳೆ.

"ಇನ್‌ಸ್ಪೆಕ್ಟರ್, ನಾನು ಬರ್ಕೊಂಡಿದ್ದು ತಪ್ಪಾಗಿರಬಹುದು. ಓದ್ತೀನಿ, ತಿದ್ದಿ. ಬೆಳಗ್ಗೆ ನೀವು ಹೇಳಿದ್ದು, 'ಹನ್ನೊಂದು ಗಂಟೆಗೆ, ಠಾಣೇಲಿ, ನಾನೇ ಕೇಳಿದೆ.' ಈಗ ಹೇಳಿದ್ದು, 'ಹನ್ನೊಂದೂವರೆ ತನಕ ಆಸ್ಪತ್ರೇಲಿದ್ದೆ.' ಎರಡೂ ಒಂದೇ ದಿನದ್ದಾ?"

ಕೋರ್ಟಿನಲ್ಲಿ ಒಬ್ಬರೂ ಅದನ್ನು ಗಮನಿಸಿರಲಿಲ್ಲ. ಬ್ರಿಂಡಲ್ ಪರ ವಕೀಲನೂ ಗಮನಿಸಿರಲಿಲ್ಲ. ಅವನ ಬಾಯಿ ಅರ್ಧ ತೆರೆದೇ ಇತ್ತು. ಗ್ರಿಮ್‌ಶಾನ ಕತ್ತು ಕಾಲರಿನಿಂದ ಮೇಲಕ್ಕೆ ಕೆಂಪಾಗುತ್ತ ಹೋಯಿತು.

"ಒಂದೇ ದಿನದ್ದು, ಯುವರ್ ಆನರ್," ಅಂದ. "ಹೊತ್ತು ಅದಲು ಬದಲಾಗಿರಬೇಕು."

"ಯಾವುದು ಅದಲು ಬದಲಾಗಿದೆ?"

ಮಿಸ್ ಪಿಕವಾನ್ಸ್ ಪೆನ್ನು ಹಿಡಿದು ಕಾದರು. ಆಮೇಲೆ "ಸಾಕ್ಷಿ ಉತ್ತರಿಸಲಿಲ್ಲ" ಎಂದು ಬರೆದುಕೊಂಡರು. ನಾಳೆ ಬೆಳಗ್ಗೆ ತೀರ್ಮಾನ ಹೇಳುತ್ತೇನೆಂದು ಎದ್ದರು.

ಅವರ ಕೋಣೆ ಓರಣ ಮಾಡಲು ಹೋದಾಗ ನೋಡುತ್ತೇನೆ, ಕೆಂಪು ಪುಸ್ತಕ ಮೇಜಿನ ಮೇಲೇ ಇದೆ. ಸರ್ ಅಲಾರಿಕ್ ಟೀಗೆ ಕರೆದಿದ್ದರೆಂದು ಅವಸರದಲ್ಲಿ ಮರೆತು ಹೋಗಿದ್ದರು. ಆ ಪುಸ್ತಕವಿಲ್ಲದೆ ಇವರು ರಾತ್ರಿ ತೀರ್ಮಾನ ಬರೆಯುವುದು ಹೇಗೆ? ಗೊಣಗಿಕೊಂಡೇ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ದೊಡ್ಡ ನ್ಯಾಯಮೂರ್ತಿಗಳು ಇಳಿದುಕೊಳ್ಳುವ ಬಂಗಲೆಗೆ ನಡೆದೆ. ನಾಲ್ಕೂವರೆ, ಒಳ್ಳೆ ಬಿಸಿಲಿತ್ತು. ಅಡುಗೆಯವಳು ನನ್ನನ್ನು ಹಜಾರದಲ್ಲಿ ನಿಲ್ಲಿಸಿ, "ಟೀ ನಡೀತಿದೆ, ಒಂದ್ ನಿಮಿಷ ಇರಿ" ಎಂದು ಹೋದಳು. ಪಡಸಾಲೆಯ ಬಾಗಿಲು ಓರೆಯಾಗಿತ್ತು.

"ಕೇಸಿನ ಬಗ್ಗೆ ನಾನು ಒಂದು ಮಾತೂ ಆಡೋದಿಲ್ಲ," ಸರ್ ಅಲಾರಿಕ್ ಅವರ ದನಿ. "ಆಡಲೂಬಾರದು. ಆದರೆ ಸೆಪ್ಟೆಂಬರಿಗೆ ಕಾಯಂ ಪಟ್ಟಿ ಸಿದ್ಧವಾಗ್ತಿದೆ. ನಿಮ್ಮ ಹೆಸರು ನನ್ನ ಮುಂದಿದೆ. ಭಾನುವಾರ ಊಟದಲ್ಲಿ ಊರಿನ ಪೊಲೀಸ್ ಮುಖ್ಯಸ್ಥರು ನನ್ನ ಪಕ್ಕದಲ್ಲೇ ಕೂತಿದ್ದರು. ಗಟ್ಟಿ ಕೈಯವರು ಬೇಕು ಅಂತಾರೆ ಎಲ್ಲರೂ. ನಿಮ್ಮ ಬಗ್ಗೆ ಏನು ಕೇಳಿಬರ್ತಿದೆ ಗೊತ್ತಾ? ನಿಮ್ಮ ಪೆನ್ನು ನಿಲ್ಲೋ ಹೊತ್ತಿಗೆ ದಫೇದಾರಳಿಗೆ ಪಿಂಚಣಿ ಬರುತ್ತಂತೆ! ತಮಾಷೆ, ಬಿಡಿ. ಆದರೆ ನಿರ್ಧಾರ ಮಾಡೋ ಶಕ್ತಿ ಇಲ್ಲ ಅಂತಾನೂ ಹೇಳ್ತಾರೆ. ಅದು ತಮಾಷೆ ಅಲ್ಲ."

ನನ್ನ ಮಾತು. ಶುಂಠಿ ಬಿಸ್ಕತ್ತಿನ ಜೊತೆ ನಾನೇ ಆಡಿದ ಮಾತು ಒಂದೇ ದಿನದಲ್ಲಿ ಬಂಗಲೆಯ ಪಡಸಾಲೆಗೆ ಬಂದು ಕೂತಿತ್ತು.

"ಯಾರು ಹೇಳ್ತಾರೆ, ಸರ್ ಅಲಾರಿಕ್?" ಮಿಸ್ ಪಿಕವಾನ್ಸ್ ಕೇಳಿದರು.

"ಅಯ್ಯೋ, ಅದನ್ನೆಲ್ಲ ಕೇಳಬಾರದು. ನೀವು ಬುದ್ಧಿವಂತರು. ಯೋಚನೆ ಮಾಡಿ."

ಅಡುಗೆಯವಳ ಕೈಗೆ ಪುಸ್ತಕ ತುರುಕಿ ನಾನು ಹೊರಗೆ ಬಂದೆ. ಮನೆಯವರೆಗೂ ನನ್ನನ್ನು ನಾನೇ ಬೈದುಕೊಳ್ಳುತ್ತ ನಡೆದೆ. ಆಮೇಲೆ ಸುಟ್ಟ ಕೈಗಳ ನೆನಪಾಗಿ, ಒಳ್ಳೆಯದೇ ಆಯಿತು, ಹೆದರಿ ಆ ಬ್ರಿಂಡಲ್‌ನನ್ನು ಒಳಗೆ ಹಾಕಲಿ ಎಂದೂ ಅನ್ನಿಸಿತು. ಎರಡೂ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ?

ಗುರುವಾರ ಬೆಳಗ್ಗೆ ಬಾಗಿಲು ಬಡಿದೆ, ಕೂಗಿದೆ, ಎಲ್ಲರೂ ಎದ್ದರು. ಮಿಸ್ ಪಿಕವಾನ್ಸ್ ಬಂದು ತಲೆಬಾಗಿ ಕೂತರು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಮೇಲೆ ಜನರ ಸಾಲಿನಲ್ಲಿ ನೆಲ್ಲಿ ಕೂತಿದ್ದಳು, ಕೈಚೀಲವನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡು.

"ತೀರ್ಮಾನ ಹೇಳೋ ಮುಂಚೆ ಎರಡೂ ಕಡೆಯವರಿಗೆ ಒಂದು ವಿಷಯ ತಿಳಿಸಬೇಕು," ಎಂದರು. "ನಿನ್ನೆ ನಾಲ್ಕೂವರೆ ಹೊತ್ತಿಗೆ, ಈ ತೀರ್ಮಾನ ಇನ್ನೂ ಬಾಕಿ ಇರೋವಾಗ, ನನಗಿಂತ ಹಿರಿಯರೊಬ್ಬರು ನನ್ನ ಕಾಯಂ ನೇಮಕದ ಮಾತಾಡಿದರು. ಪೊಲೀಸ್ ಮುಖ್ಯಸ್ಥರ ಹೆಸರೂ ಬಂತು. ಈ ಕೇಸಿನ ಮಾತು ಅವರು ಆಡಲಿಲ್ಲ. ಆದರೆ ನಾನು ಏನೇ ತೀರ್ಮಾನ ಮಾಡಿದ್ರೂ ಅದರಿಂದ ನನಗೆ ಲಾಭವೋ ನಷ್ಟವೋ ಆಗಬಹುದು ಅಂತ ನನಗೆ ಗೊತ್ತಾಗಿದೆ. ನನಗೆ ಗೊತ್ತಿದ್ದು ನಿಮಗೆ ಗೊತ್ತಿಲ್ಲದೇ ಇರಬಾರದು. ನಾನು ಈ ಕೇಸು ಬಿಡಬೇಕು ಅಂತ ಯಾರಿಗಾದ್ರೂ ಅನ್ನಿಸಿದ್ರೆ ಈಗಲೇ ಹೇಳಿ."

ಅಂಥದ್ದನ್ನು ತೆರೆದ ಕೋರ್ಟಿನಲ್ಲಿ ಯಾರೂ ಆಡಿದ್ದಿಲ್ಲ. ಹಿರಿಯರು ಟೀ ಹೊತ್ತಿನಲ್ಲಿ ಆಡಿದ ಮಾತನ್ನು ಟೀ ಬಟ್ಟಲಿನಲ್ಲೇ ಬಿಟ್ಟು ಬರುವುದು ಅವರ ಕಡೆಯ ಮರ್ಯಾದೆ. ಇದನ್ನು ಮುರಿದವರನ್ನು ಅವರು ಕ್ಷಮಿಸುವುದಿಲ್ಲ ಎಂಬುದು ಗುಡಿಸುವವಳಿಗೂ ಗೊತ್ತು. ಸರ್ಕಾರದ ಕಡೆಯ ಬ್ಯಾರಿಸ್ಟರು ಎದ್ದು ಗಂಟಲು ಸರಿಮಾಡಿಕೊಂಡು, "ನಮ್ಮದೇನೂ ಆಕ್ಷೇಪಣೆ ಇಲ್ಲ, ಯುವರ್ ಆನರ್" ಅಂದರು. ಅವರ ದನಿಯಲ್ಲಿ ಅವತ್ತು ಒಂದು ಗೌರವ ಇತ್ತು. ಇನ್ನೊಬ್ಬನೂ ಹಾಗೆಯೇ ಹೇಳಿ ಕೂತ.

ನಾನು ಅಲ್ಲೇ, ಮಿಸ್ ಪಿಕವಾನ್ಸ್ ಅವರ ಪೀಠದ ಕೆಳಗೆ, ಕಪ್ಪು ಗೌನಿನಲ್ಲಿ ನಿಂತಿದ್ದೆ. ಸ್ಟ್ಯಾನ್ ನನ್ನ ನೆರೆಯವನು ಎಂಬ ಒಂದು ಸಣ್ಣ ಮಾತನ್ನು ಬಾಯಿ ಬಿಟ್ಟು ಹೇಳಲಾರದೆ ಹೋದವಳು. ಇವರು ತಮ್ಮ ಜೀವನವನ್ನೇ ಎಲ್ಲರ ಮುಂದೆ ಎತ್ತಿ ಇಟ್ಟಿದ್ದರು. ನಾಚಿಕೆಯಿಂದ ನನಗೆ ನೆಲ ಬಿಟ್ಟು ಬೇರೆ ಕಡೆ ನೋಡಲಾಗಲಿಲ್ಲ.

ಆಮೇಲೆ ತೀರ್ಮಾನ ಓದಿದರು. ಲಾಯರ್ ಬೇಕೆಂದು ಕೇಳಿದವನಿಗೆ ಲಾಯರ್ ಸಿಗಲಿಲ್ಲ. ಅವನು ಬೇಡ ಅಂದ ಎನ್ನಲಾದ ಹನ್ನೊಂದು ಗಂಟೆಗೆ ಇನ್‌ಸ್ಪೆಕ್ಟರ್ ಠಾಣೆಯಲ್ಲೇ ಇರಲಿಲ್ಲ. ಹಾಗಾಗಿ ಆ ಒಪ್ಪಿಗೆ ಜ್ಯೂರಿಗಳ ಮುಂದೆ ಹೋಗುವಂತಿಲ್ಲ. "ಆರೋಪಿ ಬೆಂಕಿ ಹಚ್ಚಿದ್ನೋ ಇಲ್ವೋ ಅಂತ ನಾನು ಹೇಳ್ತಾ ಇಲ್ಲ. ಅದು ನನಗೆ ಗೊತ್ತಿಲ್ಲ," ಎಂದರು. ಬೇರೆ ಸಾಕ್ಷ್ಯ ಇರಲಿಲ್ಲವಲ್ಲ, ಸರ್ಕಾರ ಕೈಬಿಟ್ಟಿತು. ಇಸ್ಪೀಟು ಕೆಳಗಿಟ್ಟು ಬಂದ ಹನ್ನೆರಡು ಜನ ಜ್ಯೂರಿಗಳು ಜಡ್ಜು ಹೇಳಿಸಿದಂತೆ "ನಿರಪರಾಧಿ" ಎಂದು ಹೇಳಿ ಮನೆಗೆ ಹೋದರು. ಬ್ರಿಂಡಲ್ ಮೆಟ್ಟಿಲಿಳಿದು ಬಿಸಿಲಿಗೆ ಹೋದ.

ನೆಲ್ಲಿ ಹೊರಗೆ ನನಗಾಗಿ ಕಾದಿದ್ದಳು.

"ಇದಕ್ಕೇನಾ ನೀನು ಅಲ್ಲಿ ಗೌನು ಹಾಕ್ಕೊಂಡು ನಿಂತ್ಕೊಳ್ಳೋದು? ಎದ್ದು ನಿಲ್ಲಿ, ಎದ್ದು ನಿಲ್ಲಿ ಅಂತ! ಥೂ!" ಅಂದಳು. ನನ್ನ ಜೊತೆ ಮೂರು ವಾರ ಮಾತು ಬಿಟ್ಟಳು.

ಸ್ಟ್ಯಾನ್ ಮಾತ್ರ ಒಂದು ಸಂಜೆ ಗೋಡೆಯಾಚೆಯಿಂದ ಕರೆದ. ಬ್ಯಾಂಡೇಜು ಕಟ್ಟಿದ ಕೈಗಳನ್ನು ಗೋಡೆಯ ಮೇಲೆ ಇಟ್ಟುಕೊಂಡಿದ್ದ.

"ಆ ಇನ್‌ಸ್ಪೆಕ್ಟರ್ ಹನ್ನೊಂದೂವರೆ ತನಕ ನನ್ ಹತ್ರಾನೇ ಇದ್ದ ಕಣೇ ವಿನಿ. ಗಡಿಯಾರ ಎದುರಿಗೇ ಇತ್ತು. ಒಳ್ಳೆಯೋನೇ, ನೀರು ಕುಡಿಸ್ದ. 'ಬ್ರಿಂಡಲ್‌ನ ನೋಡ್ದೆ ಅನ್ನು' ಅಂದ. ಹೊಗೇಲಿ ನಾನು ಯಾರನ್ನೂ ನೋಡ್ಲಿಲ್ಲಪ್ಪ ಅಂದೆ."

"ಮತ್ತೆ ನೆಲ್ಲಿ ಯಾಕೆ ಅಷ್ಟು ಕೂಗಾಡ್ತಾಳೆ?"

"ಅವಳಿಗೆ ಯಾರನ್ನಾದ್ರೂ ಬೈಬೇಕು. ನನ್ ಗುಂಡಿ ಹಾಕೋಳು ಅವಳು. ಬೈಲಿ ಬಿಡು. ಆ ಬ್ರಿಂಡಲ್ಲೇ ಹಚ್ಚಿದ್ನೋ ಏನೋ, ಯಾರಿಗ್ ಗೊತ್ತು. ಆದ್ರೆ ನನ್ ಹೆಸ್ರಲ್ಲಿ ಸುಳ್ ಹೇಳಿ ಒಬ್ಬನ್ನ ಒಳಗ್ ಹಾಕಿದ್ರೆ, ಈ ಕೈ ನೋಡಿದಾಗೆಲ್ಲ ಅದೇ ನೆನಪಾಗೋದು."

ಅವತ್ತು ನಾನು ನಿದ್ದೆ ಮಾಡಲಿಲ್ಲ. ಜಡ್ಜುಗಳನ್ನು ಯಾರೂ ಹೆದರಿಸಬೇಕಾಗಿಲ್ಲ, ಬರೀ ಕಾಯಿಸಿದರೆ ಸಾಕು ಎಂದು ನನಗೆ ಹೊಳೆದದ್ದು ಆಗ. ಮುಂದಿನ ಕಾಗದ ಬರುತ್ತದೋ ಇಲ್ಲವೋ ಎಂದು ಕಾಯುತ್ತ ಕೂತವರು ತಾವಾಗಿಯೇ ಬಗ್ಗುತ್ತಾರೆ. ಬಗ್ಗದವರಿಗೆ ನನ್ನಂಥವಳ ಒಂದು ನಗೆಮಾತು ಸಾಕು. ಮಾರನೆಯ ದಿನ ಕೂತು ಸರ್ ಅಲಾರಿಕ್ ಅವರಿಗೆ ಕಾಗದ ಬರೆದೆ. ಆ ಪೆನ್ನಿನ ಮಾತು ಆಡಿದವಳು ನಾನು, ಸಿಟ್ಟಿನಲ್ಲಿ ಆಡಿದೆ, ಇಷ್ಟು ವರ್ಷದಲ್ಲಿ ಇವರಷ್ಟು ಎಚ್ಚರದ ಜಡ್ಜನ್ನು ನಾನು ಕಂಡಿಲ್ಲ ಎಂದು ಬರೆದು, ಕೆಳಗೆ ಪೂರ್ತಿ ಹೆಸರು ಹಾಕಿದೆ: ವಿನಿಫ್ರೆಡ್ ಥ್ರೆಲ್‌ಫಾಲ್, ದಫೇದಾರಳು.

ವಾರ ಕಳೆದ ಮೇಲೆ ಸ್ಪ್ರೋಟ್ ಆ ಕಾಗದವನ್ನು ವಾಪಸು ತಂದ. ಈ ಸಲ ಬಿಸ್ಕತ್ತು ಡಬ್ಬಿ ಇರಲಿಲ್ಲ.

"ಏನಮ್ಮ ಇದು? ಇದನ್ನ ಫೈಲಿಗೆ ಹಾಕೋಕಾಗಲ್ಲ."

"ಯಾಕಾಗಲ್ಲ? ನನ್ ಕೆಟ್ ಮಾತು ಹೋಗುತ್ತೆ, ಒಳ್ಳೆ ಮಾತು ಹೋಗಲ್ವಾ?"

"ಸಹಿ ಹಾಕಿದ್ದೀಯಲ್ಲ! ಸಹಿ ಇರೋ ಕಾಗದ ಒಳಗೆ ಹೋದ್ರೆ ನಾಳೆ ಆಯಮ್ಮ ಬಂದು ತೋರ್ಸಿ ಅಂತಾರೆ. ಆಮೇಲೆ ಬಾಕಿದೂ ತೋರಿಸ್ಬೇಕಾಗುತ್ತೆ. ಹಂಗೆ ನಡೆಯಲ್ಲ ವಿನಿ. ಬಾಯಲ್ಲಿ ಹೇಳು, ಯಾವಾಗ್ಲಾದ್ರೂ ಸಮಯ ನೋಡಿ ಅವರ ಕಿವಿಗೆ ಹಾಕ್ತೀನಿ."

"ನಿನ್ ಕಿವಿಗೂ ಬೇಡ, ಅವರ ಕಿವಿಗೂ ಬೇಡ. ಎದ್ದು ಹೋಗು ಇಲ್ಲಿಂದ. ಇನ್ನೊಂದ್ಸಲ ಬಿಸ್ಕತ್ತು ಹಿಡ್ಕೊಂಡು ಬಂದ್ರೆ ಬಿಸಿ ಟೀ ತಲೆ ಮೇಲೆ ಸುರೀತೀನಿ!"

ಅವನು ಹೋದ. ಸೆಪ್ಟೆಂಬರಿನಲ್ಲಿ ಕಾಯಂ ಪಟ್ಟಿ ಬಂತು, ಮಿಸ್ ಪಿಕವಾನ್ಸ್ ಹೆಸರಿರಲಿಲ್ಲ. ತಾತ್ಕಾಲಿಕದ ಕಾಗದವೂ ಮತ್ತೆ ಬರಲಿಲ್ಲ. ಮೂರು ಸಾಲಿನ ಪತ್ರ ಬಂತಂತೆ: ನಿಮ್ಮ ಸೇವೆಗೆ ಧನ್ಯವಾದ. ಕಾರಣ ಇಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಅವರು ತಮ್ಮ ಪುಸ್ತಕಗಳನ್ನು ಒಯ್ಯಲು ಬಂದರು. ಕೋಣೆಯಲ್ಲಿ ಒಬ್ಬರೇ ರಟ್ಟಿನ ಪೆಟ್ಟಿಗೆಗೆ ಕೆಂಪು ಪುಸ್ತಕಗಳನ್ನು ಜೋಡಿಸುತ್ತಿದ್ದರು. ವಿಗ್ಗಿಲ್ಲದ ತಲೆಯಲ್ಲಿ ಬಿಳಿ ಕೂದಲು ಕಂಡವು. ನಾನು ಬಾಗಿಲು ಬಡಿದು ಒಳಗೆ ಹೋದೆ. ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದೆಲ್ಲ ಮರೆತುಹೋಯಿತು.

"ಮೇಡಂ, ಆ ಮಾತು ಆಡಿದ್ದು ನಾನು," ಅಂದುಬಿಟ್ಟೆ. "ಪೆನ್ನು, ಪಿಂಚಣಿ. ನಿಮ್ಮ ಹೊಟ್ಟೆ ಮೇಲೆ ಹೊಡೆದೋಳು ನಾನೇ."

ಬೈಯುತ್ತಾರೆ ಎಂದುಕೊಂಡೆ. ಇಲ್ಲ, ಪರವಾಗಿಲ್ಲ ಬಿಡಿ ಎನ್ನುತ್ತಾರೆ, ಅದು ಇನ್ನೂ ಕಷ್ಟ ಎಂದುಕೊಂಡೆ. ಅವರು ಎರಡನ್ನೂ ಮಾಡಲಿಲ್ಲ.

"ಕೂತ್ಕೊಳ್ಳಿ, ಮಿಸೆಸ್ ಥ್ರೆಲ್‌ಫಾಲ್."

ಅಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ಕೂತದ್ದಿಲ್ಲ. ಕೂತೆ. ಅವರು ಪೆಟ್ಟಿಗೆಯಿಂದ ಒಂದು ಕೆಂಪು ಪುಸ್ತಕ ಮತ್ತೆ ತೆಗೆದರು, ಖಾಲಿ ಹಾಳೆ ಹುಡುಕಿದರು, ಪೆನ್ನಿನ ಮುಚ್ಚಳ ಬಿಚ್ಚಿದರು.

"ಯಾವತ್ತು ಹೇಳಿದ್ರಿ?"

"ಮಂಗಳವಾರ. ಮಧ್ಯಾಹ್ನ ಒಂದು ಗಂಟೆ ಇರಬೋದು." ಪೆನ್ನು ಓಡಿತು. ನಿಂತ ಮೇಲೆ ಅವರು ತಲೆಯೆತ್ತಿದರು.

"ಯಾರಿಗೆ?"

"ಸ್ಪ್ರೋಟ್‌ಗೆ. ಸರ್ ಅಲಾರಿಕ್ ಅವರ ಗುಮಾಸ್ತಂಗೆ."

"ಮಾತು ಹೇಗಿತ್ತೋ ಹಾಗೇ ಹೇಳಿ."

ಹೇಳಿದೆ. ನಿರ್ಧಾರ ಮಾಡಲು ಕೈಲಾಗದವರು ಎಂದದ್ದನ್ನೂ ಹೇಳಿದೆ. ಯಾಕೆ ಹೇಳಿದಿರಿ ಎಂದು ಕೇಳಿದರು. ಸ್ಟ್ಯಾನ್ ನನ್ನ ನೆರೆಯವನೆಂದು ಹೇಳಿದೆ, ಅದನ್ನು ಕಚೇರಿಗೆ ಮುಚ್ಚಿಟ್ಟೆನೆಂದು ಹೇಳಿದೆ, ಬಂಗಲೆಯ ಹಜಾರದಲ್ಲಿ ನಿಂತು ಕೇಳಿಸಿಕೊಂಡದ್ದನ್ನೂ ವಾಪಸು ಬಂದ ಕಾಗದವನ್ನೂ ಹೇಳಿದೆ. ಒಂದೊಂದು ಮಾತಿಗೂ ಪೆನ್ನು ನಿಲ್ಲುವ ತನಕ ಕಾದೆ. ವಿಚಿತ್ರವೆಂದರೆ, ಹಾಗೆ ಕಾಯುವುದು ನನಗೆ ಕಷ್ಟವಾಗಲಿಲ್ಲ. ನನ್ನ ಮಾತನ್ನು ಯಾರಾದರೂ ಅಷ್ಟು ಜೋಪಾನವಾಗಿ ತೆಗೆದುಕೊಂಡದ್ದು ಅದೇ ಮೊದಲು.

ಎಲ್ಲ ಆದ ಮೇಲೆ ಗಟ್ಟಿಯಾಗಿ ಓದಿ ಹೇಳಿದರು. "ಸರಿಯಾಗಿದೆಯಾ? ತಿದ್ದೋದಿದ್ರೆ ಹೇಳಿ."

"ಆ 'ಕೈಲಾಗದವರು' ಅನ್ನೋ ಮಾತು ಹೊಡೆದು ಹಾಕಿ, ಮೇಡಂ. ಅದು ಸುಳ್ಳು."

"ನೀವು ಹಾಗೆ ಹೇಳಿದ್ದು ನಿಜ ತಾನೇ? ಅದು ಇರಲಿ. ಅದರ ಕೆಳಗೆ, ಸುಳ್ಳು ಅಂತ ಈಗ ಹೇಳಿದ್ದನ್ನೂ ಬರೀತೀನಿ." ಬರೆದರು. ಆಮೇಲೆ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ನಾಲ್ಕು ವರ್ಷದಿಂದ ನನ್ನ ಬಗ್ಗೆ ಎಷ್ಟೋ ಜನ ಏನೇನೋ ಹೇಳಿದಾರೆ. ನನ್ನೆದುರಿಗೆ ಕೂತು ಹೇಳಿದವರು ನೀವೊಬ್ಬರೇ."

ನನಗೆ ಅಳು ತಡೆಯಲಾಗಲಿಲ್ಲ. ಅವರು ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ಪೆನ್ನು ನನ್ನ ಕೈಗೆ ಕೊಟ್ಟು, ಹಾಳೆಯ ಕೆಳಗೆ ಬೆರಳಿಟ್ಟು ತೋರಿಸಿದರು.

"ಸಹಿ ಹಾಕಿ."

ನನ್ನ ಹೆಸರು ಉದ್ದ, ಕಣ್ಣು ಮಂಜಾಗಿತ್ತು. ಒಂದೊಂದೇ ಅಕ್ಷರ ಬರೆದೆ. ಮಿಸ್ ಪಿಕವಾನ್ಸ್ ಮಾತಾಡದೆ, ಅವಸರ ಮಾಡದೆ, ನನ್ನ ಪೆನ್ನು ನಿಲ್ಲುವ ತನಕ ಕಾದರು.